ನಮ್ಮ ಮಾವ ಮತ್ತು ನಾಲ್ಕನೇ ಕಿಂಡಿ

ನಮ್ಮ ಮಾವನಿಗೆ ದೆವ್ವ ಹಿಡಿದಿದೆ ಎಂದು ನಾನು ಖಂಡಿತ ಹೇಳುವುದಿಲ್ಲ. ಯಾವುದೋ ದೆವ್ವಕ್ಕೆ ನಮ್ಮ ಮಾವ ಹಿಡಿದುಕೊಂಡಿದ್ದಾರೆ ಎಂದರೆ ಒಪ್ಪಬಹುದು! ಒಮ್ಮೆ ಹಿಡಿದರೆ ಬಿಡುವ ಆಸಾಮಿಯಲ್ಲ. ಬೇವಿನ ಸೊಪ್ಪಿಗೂ ಬಗ್ಗುವುದಿಲ್ಲ, ಯಂತ್ರ ತಾಯತಕ್ಕೂ ಬಗ್ಗುವುದಿಲ್ಲ. ಪಾಪ, ಆ ದೆವ್ವದ ಗತಿ ಏನು ಹೇಳಿ!

ಅವರು ನನ್ನ ಅಮ್ಮನ ತಮ್ಮ. ರಾಮನಗರದಲ್ಲಿ ಮನೆ, ಬಿಡದಿ ಕೈಗಾರಿಕಾ ಪ್ರದೇಶದಲ್ಲಿ ಕೆಲಸ. ಕಾರುಗಳಿಗೆ ಬೇಕಾದ ಸಣ್ಣಪುಟ್ಟ ಬಿಡಿಭಾಗ ಮಾಡುವ ಕಾರ್ಖಾನೆ ನಮ್ಮದು. ಅಲ್ಲಿ ನಾನು ಖರೀದಿ ವಿಭಾಗದಲ್ಲಿದ್ದೇನೆ, ಮಾವ ಸರ್ವರ್ ರೂಮಿನಲ್ಲಿದ್ದಾರೆ. ಮೆಷಿನ್ನುಗಳ ವರದಿ, ಆಫೀಸಿನ ಕಾಗದಪತ್ರ, ಗೇಟಿನ ಕ್ಯಾಮೆರಾ ಎಲ್ಲವನ್ನೂ ಹೊಟ್ಟೆಯೊಳಗೆ ಇಟ್ಟುಕೊಂಡ ದೊಡ್ಡ ಕಂಪ್ಯೂಟರು ಆ ರೂಮಿನಲ್ಲಿದೆ. ಇಪ್ಪತ್ತನಾಲ್ಕು ಗಂಟೆಯೂ ಏಸಿ. ಒಳಗೆ ಹೋದರೆ ಹಲ್ಲು ಕಟಕಟ ಎನ್ನುತ್ತದೆ. ಕಿಟಕಿಯಿಲ್ಲ. ಸಾವಿರ ಜೇನುಹುಳ ಒಟ್ಟಿಗೆ ಗುಂಯ್‌ಗುಡುವ ಸದ್ದು ಮಾತ್ರ ಇದೆ.

ಕೆಲಸಕ್ಕೆ ಸೇರಿದ ಮೊದಲ ದಿನ ಮಾವನಿಗೆ ಏನೋ ಕಾಗದ ಕೊಡಬೇಕಿತ್ತು. ಅವರು ರೂಮಿನ ಹೊರಗೆ ಬೀಗದ ಕೈ ಹಿಡಿದುಕೊಂಡು ನಿಂತಿದ್ದರು. ಬೀಗ ತೆಗೆದದ್ದೇ ತಡ, ನಾನು ಬಾಗಿಲು ತಳ್ಳಿ ಒಳಗೆ ಕಾಲಿಟ್ಟೆ. ಹಿಂದಿನಿಂದ ರಪ್ಪನೆ ಜಡೆ ಹಿಡಿದು ಎಳೆದರು!

"ಏನವ್ವ, ಕೆಮ್ಮದೆ ನುಗ್ಬುಟ್ಟೆ?"

"ಕೆಮ್ಮೋದ್ಯಾಕೆ ಮಾವ? ಒಳಗೆ ಯಾರೂ ಇಲ್ವಲ್ಲ!"

"ಅದಕ್ಕೇ ಕಣವ್ವ ಕೆಮ್ಮೋದು. ಯಾರಾದ್ರೂ ಇರೋದು ಕಣ್ಣಿಗೆ ಕಾಣಂಗಿದ್ರೆ ಕೆಮ್ಮೋ ಅಗತ್ಯ ಏನೈತೆ?"

ಹಾಗೆಂದು ಎರಡು ಸಲ ಕೆಮ್ಮಿ, ಬಾಗಿಲು ಟಕ್‌ಟಕ್ ಎಂದು ತಟ್ಟಿ, ಒಂದು ನಿಮಿಷ ತಲೆ ತಗ್ಗಿಸಿ ನಿಂತು, ಆಮೇಲೆ ಒಳಗೆ ಹೋದರು. ನನಗೆ ಆ ಕೆಮ್ಮು ಎಲ್ಲಿಯದೆಂದು ಗೊತ್ತಿತ್ತು. ಪಕ್ಷದ ಹಬ್ಬದಲ್ಲಿ ನಾವು ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ, ಬಾಳೆ ಎಲೆಯಲ್ಲಿ ಎಡೆ ಇಟ್ಟು, ಧೂಪ ಹಾಕಿ, ಬಾಗಿಲು ಎಳೆದುಕೊಂಡು ಎಲ್ಲರೂ ಹೊರಗೆ ಬಂದು ಕೂರುತ್ತೇವೆ. ಹಿರಿಯರು ಬಂದು ಉಣ್ಣಲಿ ಎಂದು. ಒಸಿ ಹೊತ್ತಾದ ಮೇಲೆ ಮನೆಯ ದೊಡ್ಡವರೊಬ್ಬರು ಕೆಮ್ಮಿ, ಬಾಗಿಲು ತಟ್ಟಿ, ಆಮೇಲೇ ತೆಗೆಯುವುದು. ಉಣ್ಣುತ್ತಿರುವವರನ್ನು ಗಾಬರಿಪಡಿಸಬಾರದಲ್ಲ! ಅದೆಲ್ಲ ಸರಿ. ವರ್ಷಕ್ಕೊಮ್ಮೆ ಮನೆಯಲ್ಲಿ ಮಾಡುವುದನ್ನು ದಿನಕ್ಕೆ ಹತ್ತು ಸಲ ಕಾರ್ಖಾನೆಯಲ್ಲಿ ಮಾಡಿದರೆ? ಊರಿಗೆಲ್ಲ ಒಂದು ದಾರಿಯಾದರೆ ಎಡವಟ್ಟನಿಗೇ ಒಂದು ದಾರಿ ಎಂದು ನಕ್ಕು ಸುಮ್ಮನಾದೆ. ಅತ್ತೆಗೆ ಹೇಳಿದಾಗ ಅವರೂ ನಕ್ಕರು. "ಮನೆಗೆ ಬರೋವಾಗ ಬಾಗಿಲು ಒದ್ಕಂಡು ಬತ್ತಾರೆ. ಅಲ್ಲಿ ಕೆಮ್ಮಿ ಹೋಯ್ತಾರಂತಾ? ಇದ್ದವರಿಗಿಂತ ಇಲ್ದವರಿಗೇ ಮರ್ವಾದೆ ಜಾಸ್ತಿ ಬುಡು!"

ಆದರೆ ಎಷ್ಟು ದಿನ ನಗುತ್ತೀರಿ? ಆ ರೂಮಿನಲ್ಲಿ ಒಂದು ಗೊಂಬೆಯಿದೆ. ಚನ್ನಪಟ್ಟಣದ ಮರದ ಗೊಂಬೆ, ಬೋಳುತಲೆಯ ತಾತ, ಕುತ್ತಿಗೆಗೆ ಸ್ಪ್ರಿಂಗು. ಸರ್ವರನ್ನು ಕೂರಿಸಿದ ಕಬ್ಬಿಣದ ಬೀರುವಿನ ತಲೆಯ ಮೇಲೆ ಮಾವ ಅದನ್ನು ಇಟ್ಟಿದ್ದಾರೆ. ಒಳಗಿನ ಫ್ಯಾನುಗಳ ಅದುರಿಗೆ ಆ ತಾತ ಹಗಲೂ ರಾತ್ರಿ ತಲೆಯಾಡಿಸುತ್ತಾನೆ. ಹೂಂ, ಹೂಂ, ಹೂಂ. ನೀವು ಏನು ಹೇಳಿದರೂ ಹೂಂ. ಏನೂ ಹೇಳದಿದ್ದರೂ ಹೂಂ!

ಒಂದು ಬೆಳಿಗ್ಗೆ ಮಾವ ನನ್ನನ್ನು ಅಲ್ಲಿ ಕೂರಿಸಿ, "ಐದು ನಿಮಿಷ ಬತ್ತೀನಿ, ತಾತ ತಲೆ ಆಡ್ಸೋದು ನಿಲ್ಸಿದ್ರೆ ಕೂಗವ್ವ" ಎಂದು ಹೋದರು. ಲಕ್ಷಗಟ್ಟಲೆ ಸಾಮಾನಿನ ರೂಮಿಗೆ ಇದೇ ಅಲಾರಂ! ನಾನು ತಾತನನ್ನೇ ನೋಡುತ್ತ ಕೂತೆ. ತಾತ ನನ್ನನ್ನೇ ನೋಡುತ್ತ ತಲೆಯಾಡಿಸಿದ. ಮೂರು ನಿಮಿಷ ಕಳೆಯುವುದರೊಳಗೆ, ಅವನು ಯಾರಿಗೋ ಉತ್ತರ ಕೊಡುತ್ತಿದ್ದಾನೆ, ಆ ಯಾರೋ ನನ್ನ ಬೆನ್ನ ಹಿಂದೆ ನಿಂತಿದ್ದಾರೆ ಅನ್ನಿಸತೊಡಗಿತು. ಗಟ್ಟಿ ಮನಸ್ಸು ಮಾಡಿ ತಿರುಗಿದೆ. ಯಾರೂ ಇಲ್ಲ. ಮತ್ತೆ ಇತ್ತ ತಿರುಗಿದರೆ ತಾತನ ಕೆಳಗೆ ಸರ್ವರಿನ ಬೆನ್ನು ಕಾಣುತ್ತಿತ್ತು.

ಆ ಬೆನ್ನಿನಲ್ಲಿ ನೆಟ್‌ವರ್ಕ್ ಕಾರ್ಡು ಎಂಬ ಒಂದು ಪಟ್ಟಿಯಿದೆ. ಹೊರಗಿನ ಕೇಬಲುಗಳು ಬಂದು ಸರ್ವರಿನ ಜೊತೆ ಮಾತಾಡುವುದು ಅದರ ಮೂಲಕ. ಕೇಬಲು ಚುಚ್ಚುವ ಪೋರ್ಟುಗಳಿಗೆ ಮಾವ ಕಿಂಡಿ ಎನ್ನುತ್ತಾರೆ. ನಾಲ್ಕು ಕಿಂಡಿ, ಒಂದೊಂದಕ್ಕೂ ಒಂದೊಂದು ಪುಟ್ಟ ದೀಪ. ಸಂಪರ್ಕ ಇದ್ದರೆ ದೀಪ ಉರಿಯುತ್ತದೆ, ಮಾತು ಹರಿದರೆ ಪಟಪಟ ಮಿಟುಕುತ್ತದೆ. ಮಾವ ತಮ್ಮ ದುಂಡು ಅಕ್ಷರದಲ್ಲಿ ಚೀಟಿ ಅಂಟಿಸಿದ್ದರು: ಮೆಷಿನ್ನು, ಆಫೀಸು, ಕ್ಯಾಮೆರಾ. ನಾಲ್ಕನೆಯದಕ್ಕೂ ಚೀಟಿ ಇತ್ತು. ಅದರ ಮೇಲೆ ಏನೂ ಬರೆದಿರಲಿಲ್ಲ. ಅದರ ದೀಪ ಕೆಂಡದ ಬಣ್ಣದಲ್ಲಿ ಸುಮ್ಮನೆ ಉರಿಯುತ್ತಿತ್ತು. ಗೋಡೆಯ ಗಡಿಯಾರ ಹನ್ನೊಂದು ತೋರಿಸಿದ ಕ್ಷಣ ಅದು ಪಟಪಟನೆ ಮಿಟುಕಿ ಮತ್ತೆ ಸುಮ್ಮನಾಯಿತು. ಅಷ್ಟರಲ್ಲಿ ಬಾಗಿಲ ಹೊರಗೆ ಯಾರೋ ಕೆಮ್ಮಿದರು.

ನಾನು ಕಿರುಚಿದ ಸದ್ದಿಗೆ ಸೆಕ್ಯೂರಿಟಿಯವರೂ ಓಡಿ ಬಂದರು. ಕೆಮ್ಮಿದ್ದು ಮಾವನೇ ಎಂದು ಬೇರೆ ಹೇಳಬೇಕೇ!

"ನಾಕನೇ ಕಿಂಡೀಲಿ ಯಾರು ಮಾವ ಇರೋದು?" ಎಂದೆ, ನೀರು ಕುಡಿದು.

ಮಾವ ತಮ್ಮ ಕಂಪ್ಯೂಟರಿನ ಪರದೆಯ ಕಡೆ ಒಮ್ಮೆ ನೋಡಿ, ಅದನ್ನು ಆರಿಸಿ, "ಇಡ್ಲಿ ಹೊತ್ತಾಯ್ತು" ಎಂದು ಎದ್ದು ಹೋದರು. ಕೇಳಿದ್ದಕ್ಕೂ ಹೇಳಿದ್ದಕ್ಕೂ ಏನಾದರೂ ಸಂಬಂಧವಿದೆಯೇ?

ಇಡ್ಲಿಯದು ಇನ್ನೊಂದು ಕಥೆ. ಗೇಟಿನ ಎದುರು ತಟ್ಟೆ ಇಡ್ಲಿ ಹೋಟೆಲಿದೆ. ಮಾವ ದಿನಾ ಹನ್ನೊಂದಕ್ಕೆ ಅಲ್ಲಿಗೆ ಹೋಗಿ ಮೂರು ಇಡ್ಲಿ ತೆಗೆದುಕೊಳ್ಳುತ್ತಾರೆ. ಒಂದನ್ನು ತಿನ್ನುತ್ತಾರೆ. ಎರಡನೆಯದನ್ನು ನಡುವೆ ಸರಿಯಾಗಿ ಸೀಳಿ ಅರ್ಧ ತಿನ್ನುತ್ತಾರೆ. ಉಳಿದ ಒಂದೂವರೆಯನ್ನು ಎಲೆಯಲ್ಲಿ ಕಟ್ಟಿಸಿಕೊಂಡು ಎಲ್ಲಿಗೋ ನಡೆಯುತ್ತಾರೆ. ತಟ್ಟೆ ಇಡ್ಲಿ ಎಂದರೆ ನಿಮ್ಮ ಪುಟಾಣಿ ಇಡ್ಲಿಯಲ್ಲ ಸ್ವಾಮಿ, ಊಟದ ತಟ್ಟೆಯ ಅರ್ಧದಷ್ಟಿರುತ್ತದೆ! ಒಂದು ತಿನ್ನಲಿ, ಇಲ್ಲವೇ ಎರಡು ತಿನ್ನಲಿ. ಒಂದೂವರೆ ಯಾವ ಸೀಮೆಯ ಲೆಕ್ಕ? ಹೋಟೆಲಿನವರನ್ನು ಕೇಳಿದೆ. "ನಾಕು ವರ್ಸದಿಂದ ಹಿಂಗೇ ಕಣಮ್ಮ. ಸುಗರ್ ಇರ್ಬೌದು ಅಂತ ನಾನು ಕೇಳಕ್ಕೋಗಿಲ್ಲ" ಎಂದರು.

ಹೀಗಿರುವಾಗ ಸರ್ವರಿಗೆ ಮುಪ್ಪು ಬಂತು. ಹೊಸ ಸರ್ವರು ತರಿಸುವುದೆಂದಾಯಿತು. ಸರ್ವರೇನೋ ಸುಲಭವಾಗಿ ನಿಶ್ಚಯವಾಯಿತು. ಅದಕ್ಕೆ ಹಾಕುವ ನೆಟ್‌ವರ್ಕ್ ಕಾರ್ಡಿಗೆ ಮಾತ್ರ ಒಂದು ಮದುವೆಗೆ ಹೆಣ್ಣು ನೋಡುವಷ್ಟು ರಾದ್ಧಾಂತ! ನಮ್ಮ ಮ್ಯಾನೇಜರರು ವಯಸ್ಸಿನಲ್ಲಿ ಚಿಕ್ಕವರು, ಒಳ್ಳೆಯವರು, ಆದರೆ ವೇಗದ ಹುಚ್ಚು. ಎರಡೇ ಕಿಂಡಿಯ, ಇಪ್ಪತ್ತೈದು ಗಿಗಾ ವೇಗದ ಕಾರ್ಡು ಅವರಿಗೆ ಬೇಕು. ಮಾವನಿಗೆ ನಾಲ್ಕು ಕಿಂಡಿ ಬೇಕು. ಅಷ್ಟೇ ಆಗಿದ್ದರೆ ಪರವಾಗಿರಲಿಲ್ಲ. ಆ ಕಾರ್ಡಿನಲ್ಲಿ ಮಾವನಿಗೆ ಇನ್ನೂ ಒಂದು ಗುಣ ಬೇಕಿತ್ತು.

ಬೆಂಗಳೂರಿನಿಂದ ಒಬ್ಬ ಮಾರಾಟಗಾರ ಟೈ ಕಟ್ಟಿಕೊಂಡು ಬಂದ. ಮಾವ ಬಾಗಿಲಲ್ಲಿ ಕೆಮ್ಮಿ, ಅವನನ್ನೂ ಕೆಮ್ಮಿಸಿ, ಒಳಗೆ ಕರೆದುಕೊಂಡು ಹೋದರು. ಮೈಯ ಕರೆಂಟು ತಗುಲಿ ಕಾರ್ಡು ಸುಟ್ಟುಹೋಗದಿರಲಿ ಎಂದು ಈ ಕೆಲಸದವರು ಮಣಿಕಟ್ಟಿಗೊಂದು ಪಟ್ಟಿ ಕಟ್ಟಿಕೊಂಡು ಅದರ ತಂತಿಯನ್ನು ಕಬ್ಬಿಣಕ್ಕೆ ಸಿಕ್ಕಿಸುತ್ತಾರೆ. ಮಾವನ ಪಟ್ಟಿ ಹರಿದು ಯಾವ ಕಾಲವಾಯಿತೋ. ಕಪ್ಪು ದಾರಕ್ಕೆ ತಾಮ್ರದ ತಂತಿ ಸುತ್ತಿ ತಾವೇ ಒಂದು ಮಾಡಿಕೊಂಡಿದ್ದರು. ಅದನ್ನು ಕಟ್ಟಿಕೊಂಡು, ಕಣ್ಣು ಮುಚ್ಚಿ, ಅವನು ತಂದಿದ್ದ ಕಾರ್ಡನ್ನು ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಅಲ್ಲಾಡಿಸಿದರು. ಮೇಲೆ ಗೊಂಬೆ ತಾತ ಹೂಂ ಎಂದ. ಮಾರಾಟಗಾರನ ಮುಖ ಬಿಳಿಚಿತು.

"ಇದ್ರಲ್ಲಿ ಹುಳ ಸತ್ತೈತೆ" ಎಂದರು ಮಾವ.

"ಹುಳಾನಾ ಸಾರ್?"

ನಾನು ಬಾಯಿಗೆ ಸೆರಗು ಒತ್ತಿಕೊಂಡೆ. ಕನಕಪುರದ ಕಡೆ ನಮ್ಮ ತಾತ ರೇಷ್ಮೆ ಸಾಕಿದವರು. ರಾಮನಗರದ ಮಾರ್ಕೆಟ್ಟಿನಲ್ಲಿ ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗಿನ ಹುಳ ಲೊಟಲೊಟ ಎಂದರೆ ಗೂಡು ಗಟ್ಟಿ, ಸದ್ದು ಬರದಿದ್ದರೆ ಹುಳ ಸತ್ತು ಅಂಟಿಕೊಂಡಿದೆ ಎಂದು ಹೇಳುವುದನ್ನು ಮಾವ ಹುಡುಗನಾಗಿದ್ದಾಗಿನಿಂದ ನೋಡಿದವರು. ಅಂದಿನಿಂದ ತೆಂಗಿನಕಾಯಿ, ಮೊಬೈಲು, ವಾಚು, ಎಲ್ಲವನ್ನೂ ಕೊಳ್ಳುವುದು ಹೀಗೇ. ನನ್ನನ್ನು ನೋಡಲು ಬಂದ ಗಂಡನ್ನೊಂದು ಅಲ್ಲಾಡಿಸಲಿಲ್ಲ, ನನ್ನ ಪುಣ್ಯ!

ಮಾರಾಟಗಾರ ಸುಧಾರಿಸಿಕೊಂಡು ವೇಗದ ವರ್ಣನೆ ಶುರುಮಾಡಿದ. ಮಾವ ತಡೆದರು.

"ಅದಿರ್ಲಿ. ನಿಮ್ ಕಾರ್ಡು ಎಷ್ಟು ನಿಧಾನಕ್ಕೆ ಮಾತಾಡ್ತದೆ?"

"ಸಾರ್?"

"ಬೇಗ ಎಲ್ರೂ ಮಾತಾಡ್ತಾರೆ ಕಣಪ್ಪ. ವಯಸ್ಸಾದೋರು ನಿಧಾನಕ್ಕೆ ಮಾತಾಡಿದ್ರೆ ಇದು ನಿಂತು ಕೇಳಿಸ್ಕತ್ತದಾ?"

ಇಷ್ಟು ವರ್ಷದಲ್ಲಿ ಅವನಿಗೆ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಕಾಗದ ತಿರುವಿ ಹಾಕಿ, ಇಲ್ಲ ಸಾರ್, ಇದು ಹಳೆಯ ನಿಧಾನದ ಯಂತ್ರಗಳ ಜೊತೆ ಮಾತಾಡುವುದಿಲ್ಲ, ಬೇಕಾದರೆ ನಡುವೆ ಒಂದು ಸಣ್ಣ ಡಬ್ಬಿ ಇಡಬಹುದು, ಅದು ಕೇಳಿಸಿಕೊಂಡು ಇದಕ್ಕೆ ಹೇಳುತ್ತದೆ ಎಂದ.

"ನಡುವೆ ಇನ್ನೊಬ್ಬ ಯಾಕೆ? ಅವ್ನು ನೇರವಾಗಿ ಕರೀತಿದ್ದ, ನೇರವಾಗೇ ಕರೀಬೇಕು" ಎಂದರು ಮಾವ. ಆ ಮಾತಿಗೆ ನನ್ನ ನಗು ಅಲ್ಲಿಗೇ ನಿಂತಿತು. ಯಾರು ಕರೆಯುತ್ತಿದ್ದರು?

ಎರಡನೆಯವನು ಬಂದ, ಮೂರನೆಯವನು ಬಂದ. ಎಲ್ಲರಿಗೂ ಅದೇ ಕೆಮ್ಮು, ಅದೇ ಅಲ್ಲಾಟ, ಅದೇ ಪ್ರಶ್ನೆ. ಮೂರನೆಯವನು ಊಟ ಮಾಡದೆ ಹೋದ. ಕೊನೆಗೆ ಮ್ಯಾನೇಜರರು ನಮ್ಮಿಬ್ಬರನ್ನೂ ಕರೆಸಿದರು.

"ಸಾರ್, ಈ ನಾಲ್ಕನೇ ಪೋರ್ಟು ಹೋಗೋದು ಹಳೇ ವೇಬ್ರಿಡ್ಜ್ ರೂಮಿಗೆ. ಲಾರಿ ತೂಕ ಈಗ ಹೊಸ ಗೇಟಲ್ಲಿ ಆಗುತ್ತೆ. ಆ ಹಳೇ ಕಂಪ್ಯೂಟರನ್ನ ಬೇರೆ ನೆಟ್‌ವರ್ಕಿಗೆ ಸೇರಿಸೋ ಹಾಗೂ ಇಲ್ಲ. ಕೇಬಲ್ ಕಿತ್ತುಹಾಕಿ ಬಿಡೋಣ. ಮಿಕ್ಕ ಮೂರು ಲೈನನ್ನ ಒಟ್ಟು ಮಾಡಿದ್ರೆ ಎರಡು ಪೋರ್ಟು ಸಾಕು. ಸೋಮವಾರ ಆರ್ಡರ್ ಹೋಗಲಿ."

ಮಾವ ಜಗಳವಾಡುತ್ತಾರೆ ಎಂದುಕೊಂಡೆ. ಆಡಲಿಲ್ಲ. "ಸರಿ ಸಾರ್" ಎಂದರು. ನಮ್ಮ ಮಾವನ ಬಾಯಲ್ಲಿ ಸರಿ ಎಂಬ ಮಾತನ್ನು ನಾನು ಕೇಳಿದ್ದು ಅದೇ ಮೊದಲು. ಹನ್ನೊಂದಕ್ಕೆ ಕಟ್ಟಿಸಿ ತಂದಿದ್ದ ಇಡ್ಲಿ ಪೊಟ್ಟಣ ಹಿಡಿದುಕೊಂಡು ಅವರು ಆಚೆ ಹೊರಟಾಗ ಹಿಂದೆಯೇ ನಾನೂ ಹೊರಟೆ.

ಮಟಮಟ ಮಧ್ಯಾಹ್ನ. ದೆವ್ವ ಓಡಾಡುವ ಹೊತ್ತು ಅದೇ ಎಂದು ಅಜ್ಜಿ ಹೇಳುತ್ತಿದ್ದಳು. ರಾತ್ರಿಯಾದರೆ ದೀಪವಿರುತ್ತದೆ, ಮಧ್ಯಾಹ್ನ ಯಾರು ದೀಪ ಹಚ್ಚುತ್ತಾರೆ! ಕಾರ್ಖಾನೆಯ ಹಿಂದಿನ ಮೂಲೆಯಲ್ಲಿ ಹೊಂಗೆಮರ, ಅದರ ಪಕ್ಕ ಲಾರಿ ನಿಲ್ಲಿಸಿ ತೂಗುವ ಕಬ್ಬಿಣದ ಹಾಸು, ಹಾಸಿನ ಪಕ್ಕ ಬೀಗ ಹಾಕಿದ ಒಂಟಿ ಕೋಣೆ. ಒಂದು ಎಲೆ ಅಲ್ಲಾಡುತ್ತಿರಲಿಲ್ಲ. ಮಾವ ಬಾಗಿಲ ಮುಂದೆ ನಿಂತು ಕೆಮ್ಮಿದರು. ತಟ್ಟಿದರು. ಪೊಟ್ಟಣವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಮರದ ಹಿಂದೆ ಮರೆಯಾದರು.

ನಾನು ಮೆಲ್ಲಗೆ ಹೋಗಿ ಕಿಟಕಿಯಲ್ಲಿ ಇಣುಕಿದೆ. ಧೂಳು ಹಿಡಿದ ಗಾಜು. ಒಳಗೆ ಯಾರೂ ಇಲ್ಲ. ಆದರೆ ಏನೋ ಸಣ್ಣಗೆ ಉಸಿರಾಡುತ್ತಿತ್ತು. ಮೂಲೆಯಲ್ಲಿ ಒಂದು ಹಳೆಯ ಕಂಪ್ಯೂಟರು, ಅದರ ಹಸಿರು ದೀಪ. ಮೇಜಿನ ಮುಂದೆ ಒಂದು ಕುರ್ಚಿ ಅರ್ಧ ತಿರುಗಿ ನಿಂತಿತ್ತು, ಈಗ ತಾನೇ ಯಾರೋ ಎದ್ದು ಹೋದ ಹಾಗೆ. ಕುರ್ಚಿಯ ಬೆನ್ನಿಗೆ ಬೂದು ಬಣ್ಣದ ಸ್ವೆಟರು ನೇತಾಡುತ್ತಿತ್ತು.

ಎರಡು ಹೆಜ್ಜೆ ಹಿಂದೆ ಸರಿದೆ. ಕಾಲ ಕೆಳಗೆ ಕಬ್ಬಿಣ ಢಣ್ ಎಂದಿತು. ಬಾಗಿಲ ಮೇಲೆ ಲಾರಿಯವರಿಗೆ ತೂಕ ತೋರಿಸುವ ಹಲಗೆಯಿದೆ. ಸತ್ತುಹೋಗಿದೆ ಎಂದುಕೊಂಡಿದ್ದ ಆ ಹಲಗೆಯಲ್ಲಿ ಕೆಂಪು ಅಂಕಿಗಳು ದಿಗ್ಗನೆ ಹೊತ್ತಿಕೊಂಡವು. ನೂರಮೂವತ್ತು!

ಹೆಂಗಸರ ತೂಕ ಕೇಳಬಾರದು, ಆದರೂ ಪ್ರಸಂಗ ಬಂದದ್ದರಿಂದ ಹೇಳುತ್ತೇನೆ, ನನ್ನದು ಅರವತ್ತು. ಮಿಕ್ಕ ಎಪ್ಪತ್ತು ಯಾರದು? ನನ್ನ ಜೊತೆ ಈ ಹಾಸಿನ ಮೇಲೆ ನಿಂತಿರುವವರು ಯಾರು? ತಿರುಗಿ ನೋಡಲು ಕುತ್ತಿಗೆ ಒಪ್ಪಲಿಲ್ಲ.

"ನಾನು ಕಣವ್ವ" ಎಂದರು ಮಾವ, ನನ್ನ ಬೆನ್ನ ಹಿಂದೆ. "ಸರಿಯಾಗಿ ತೋರಿಸ್ತಾ ಐತೆ ನೋಡು, ಇನ್ನೂವೆ!"

ಅವತ್ತು ಅವರನ್ನು ಬೈದಷ್ಟು ನಾನು ಯಾರನ್ನೂ ಬೈದಿಲ್ಲ. ಅವರು ಎಲ್ಲ ಕೇಳಿಸಿಕೊಂಡು, ಹಾಸಿನ ಅಂಚಿನಲ್ಲಿ ಕೂತು, ಪಕ್ಕದ ಜಾಗವನ್ನು ಕೈಯಿಂದ ಒರೆಸಿ ನನ್ನನ್ನು ಕೂರಿಸಿಕೊಂಡರು.

ಆ ಕೋಣೆಯಲ್ಲಿ ತೂಕ ಬರೆಯುತ್ತಿದ್ದವರು ಮಾವನ ಗೆಳೆಯ. ಮಾವ ಅವರನ್ನು ಭಾಯಿ ಎನ್ನುತ್ತಿದ್ದರು. ರಾಮನಗರದಲ್ಲಿ ನೂಲು ಬಿಚ್ಚುವ ಮನೆತನ. ನಮ್ಮ ತಾತನ ಗೂಡು ಕೊಳ್ಳುತ್ತಿದ್ದವರೇ ಅವರ ಅಪ್ಪ. ಅಪ್ಪಂದಿರು ಗೂಡಿಗೆ ಚೌಕಾಸಿ ಮಾಡುವಾಗ ಹುಡುಗರಿಬ್ಬರೂ ಮಾರ್ಕೆಟ್ಟಿನಲ್ಲಿ ಆಡಿಕೊಂಡಿರುತ್ತಿದ್ದರು. ಒಂದೇ ಕಾರ್ಖಾನೆಗೆ ಸೇರಿದರು. ತಲೆಯಾಡಿಸುವ ತಾತನನ್ನು ಚನ್ನಪಟ್ಟಣದಿಂದ ತಂದುಕೊಟ್ಟವರೂ ಭಾಯಿಯೇ. ದಿನಾ ಹನ್ನೊಂದಕ್ಕೆ ಇಬ್ಬರೂ ಮೂರು ಇಡ್ಲಿ ತರಿಸಿ ಒಂದೂವರೆ ಒಂದೂವರೆ ತಿನ್ನುವುದು ಕ್ರಮ.

"ಇಡ್ಲಿಗೆ ಕರೆಯೋಕೆ ಅಂತ್ಲೇ ಈ ಕೇಬಲ್ ಎಳೆದ್ವಿ ಅಂದ್ರೂ ತಪ್ಪಿಲ್ಲ ಕಣವ್ವ. ಅವ್ನು ಸೋಮಾರಿ. ದಿನಾ ಟೈಪ್ ಮಾಡೋರ್ಯಾರು ಅಂತ, ಹನ್ನೊಂದು ಗಂಟೆಗೆ ತಾನೇ ಕಳಿಸಂಗೆ ಕಂಪ್ಯೂಟ್ರಲ್ಲಿ ಬರ್ದಿಟ್ಬುಟ್ಟಿದ್ದ. ನನ್ ಪರದೆ ಮೇಲೆ ಬರೋದು. ಇಡ್ಲಿ ಆಗೈತೆ, ಬಾರ್ಲಾ. ಕೆಳಗೆ ತಾರೀಕು, ಟೈಮು. ಅಷ್ಟೇಯ."

"ಅದು ಈಗ್ಲೂ ಬತ್ತದಾ ಮಾವ?"

"ಬತ್ತದೆ. ನಾಕು ವರ್ಸಾಯ್ತು ಅವ್ನು ಹೋಗಿ. ಒಂದಿನ ತಪ್ಪಿಸಿಲ್ಲ."

ಬಿಸಿಲಲ್ಲಿ ಕೂತಿದ್ದರೂ ನನ್ನ ತೋಳಿನ ಕೂದಲು ನೆಟ್ಟಗಾಯಿತು. ಮಾವ ಕಿಟಕಿಯ ಪೊಟ್ಟಣವನ್ನೇ ನೋಡುತ್ತಿದ್ದರು. ಅಳಿಲೊಂದು ಆಗಲೇ ಬಂದು ಅದನ್ನು ಬಿಚ್ಚತೊಡಗಿತ್ತು.

"ಕೊನೇ ದಿನ ಸರ್ವರ್ ಕೆಟ್ಟಿತ್ತು. ಅವ್ನ ಕರೆ ಬಂತು. ಆಮೇಲೆ ಬತ್ತೀನಿ ಅಂತ ಬರೆದೆ. ಹೋಟ್ಲಲ್ಲಿ ಅರ್ಧ ಗಂಟೆ ಕಾದವ್ನೆ. ತನ್ ಒಂದೂವರೆ ತಿಂದು, ನನ್ ಒಂದೂವರೆ ಕಟ್ಟಿಸಿ ಗೇಟಲ್ಲಿ ಕೊಟ್ಟೋಗವ್ನೆ. ಸಂಜೆ ಮನೇಲಿ ಎದೆನೋವು ಅಂದನಂತೆ. ಅಷ್ಟೇ ಕಣವ್ವ. ಬೆಳಿಗ್ಗೆ ನಾನು ಬಂದಾಗ ಆ ಪೊಟ್ಣ ನನ್ ಮೇಜಿನ ಮೇಲೆ ಹಂಗೇ ಇತ್ತು." ಅಳಿಲನ್ನೇ ನೋಡುತ್ತ ಮುಂದುವರಿಸಿದರು: "ಮಣ್ಣು ಮಾಡಿ ಬಂದ ಮಾರನೇ ದಿನ ಹನ್ನೊಂದು ಗಂಟೆಗೆ ಬಂತು. ಇಡ್ಲಿ ಆಗೈತೆ, ಬಾರ್ಲಾ. ಕಂಪ್ಯೂಟ್ರು ಕಳಿಸ್ತದೆ ಅಂತ ನಂಗೊತ್ತಿಲ್ವಾ? ನಾನೇ ಅದನ್ನ ಕೂರಿಸ್ದೋನು. ಆದ್ರೂ ಆಮೇಲೆ ಬತ್ತೀನಿ ಅನ್ನಕ್ಕೆ ಕೈ ಬರ್ನಿಲ್ಲ. ಎದ್ದು ಹೋದೆ."

ನಾನು ಎಷ್ಟು ನಕ್ಕಿದ್ದೆ ಆ ಒಂದೂವರೆಯನ್ನು ನೋಡಿ! ನನ್ನ ಮೇಲೆ ನನಗೇ ಅಸಹ್ಯವಾಯಿತು.

ಆ ದಿನದಿಂದ ಹಟಕ್ಕೆ ಬಿದ್ದವಳು ನಾನು. ಖರೀದಿ ವಿಭಾಗದವಳು ಮನಸ್ಸು ಮಾಡಿದರೆ ಏನು ಸಿಗುವುದಿಲ್ಲ ಹೇಳಿ? ಸಿಕ್ಕಸಿಕ್ಕವರಿಗೆಲ್ಲ ಫೋನು ಮಾಡಿದೆ. "ನಿಧಾನಕ್ಕೆ ಮಾತಾಡೋ ಕಾರ್ಡಿದೆಯಾ?" ಎಂದು ಕೇಳಿ ಕೇಳಿ ನನಗೂ ತಲೆ ಕೆಟ್ಟಿದೆ ಎಂಬ ಹೆಸರು ಬಂತು. ಕೊನೆಗೊಬ್ಬ ಪುಣ್ಯಾತ್ಮ ಇದೆ ಎಂದ. ನಾಲ್ಕು ಕಿಂಡಿ, ಮಾಮೂಲಿ ತಾಮ್ರದ ಕೇಬಲು, ಹತ್ತು ಗಿಗಾದವರೆಗೂ ಓಡುತ್ತದೆ. ಎದುರಿನ ಯಂತ್ರ ಹಳೆಯದಾದರೆ ಅದರ ನಡಿಗೆಗೆ ಇಳಿದು, ಮೊದಲಿನ ಕಾಲದ ನಿಧಾನಕ್ಕೂ ಹೊಂದಿಕೊಳ್ಳುತ್ತದೆ. ಒಸಿ ಬಿಸಿಯಾಗುತ್ತದೆ, ಗಾಳಿ ಚೆನ್ನಾಗಿ ಆಡಬೇಕು. ಅಷ್ಟೇ ತೊಂದರೆ.

ಮ್ಯಾನೇಜರರ ಮುಂದೆ ಭಾಯಿಯ ಹೆಸರೆತ್ತಲಿಲ್ಲ. "ಸಾರ್, ಕೇಬಲ್ಲುಗಳೆಲ್ಲ ಬಂದು ಸೇರೋ ನಮ್ಮ ಸ್ವಿಚ್ಚು ಹತ್ತು ಗಿಗಾಕ್ಕಿಂತ ಜಾಸ್ತಿ ಓಡಲ್ಲ. ಇಪ್ಪತ್ತೈದರ ಕಾರ್ಡು ತಂದು ಅದರ ಮುಂದೆ ನಿಲ್ಲಿಸಿದ್ರೆ ಏನುಪಯೋಗ? ಅದರ ಬದಲು ನಾಲ್ಕು ಪೋರ್ಟು ಇದ್ರೆ ಒಂದು ಕೆಟ್ಟರೂ ಇನ್ನೊಂದು ಕೈಲಿರುತ್ತೆ" ಎಂದೆ. ಅವರು ಸ್ವಿಚ್ಚಿನ ಕಾಗದ ತರಿಸಿ ನೋಡಿದರು. ಹೌದು. ನನ್ನನ್ನು ನೋಡಿದರು. "ನಾಲ್ಕನೆಯದಕ್ಕೆ ಏನು ಹಾಕ್ತೀರಿ?" ಎಂದರು. "ಏನಾದ್ರೂ ಬೇಕಾಗುತ್ತೆ ಸಾರ್" ಎಂದೆ. ಸಹಿ ಹಾಕಿದರು.

ಕಾರ್ಡು ಬಂದಾಗ ಮಾವ ಕಪ್ಪು ದಾರ ಕಟ್ಟಿಕೊಂಡು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಬಹಳ ಹೊತ್ತು ಕೇಳಿಸಿಕೊಂಡರು. ಅದರೊಳಗೆ ಅಲ್ಲಾಡುವಂಥದ್ದು ಏನೂ ಇಲ್ಲವೆಂದು ನನಗೆ ಗೊತ್ತು, ಅವರಿಗೂ ಗೊತ್ತು.

"ಹುಳ ಬದುಕೈತೆ" ಎಂದರು.

ಭಾನುವಾರ ಇಡೀ ಕಾರ್ಖಾನೆಗೆ ಕರೆಂಟು ನಿಲ್ಲಿಸಿ ಲೈನುಗಳ ರಿಪೇರಿಯೂ, ಹೊಸ ಸರ್ವರು ಕೂರಿಸುವುದೂ ನಡೆಯಿತು. ಸೋಮವಾರ ಮೊದಲ ಶಿಫ್ಟಿಗೆ ಮುಂಚೆ, ನಾಲ್ಕೂ ನಲವತ್ತಕ್ಕೆ ಕರೆಂಟು ಬಂತಂತೆ. ನಾನು ಒಂಬತ್ತಕ್ಕೆ ಹೋದಾಗ ನಾಲ್ಕೂ ಕಿಂಡಿಯ ದೀಪಗಳು ಉರಿಯುತ್ತಿದ್ದವು. ನಾಲ್ಕನೆಯದು ಅದೇ ಕೆಂಡದ ಬಣ್ಣ. ಗೊಂಬೆ ತಾತ ಹೊಸ ಬೀರುವಿನ ಮೇಲೆ ಹೂಂಗುಟ್ಟುತ್ತಿದ್ದ. ಗೆದ್ದೆವು ಎಂದುಕೊಂಡೆ.

ಹನ್ನೊಂದು ಹೊಡೆಯಿತು. ಏನೂ ಇಲ್ಲ.

ಹನ್ನೊಂದೂ ಐದು. ಹನ್ನೊಂದೂವರೆ. ನಾಲ್ಕನೇ ದೀಪ ಮಿಟುಕದೆ ನಮ್ಮನ್ನೇ ನೋಡುತ್ತಿತ್ತು. ಮಾವ ಎದ್ದೇಳಲಿಲ್ಲ. ಹೋಟೆಲಿನವರು ಫೋನು ಮಾಡಿ, "ಸಾರು ಬರ್ಲಿಲ್ಲ, ಮೂರು ಎತ್ತಿಟ್ಟಿವ್ನಿ" ಎಂದರು.

"ಕಾರ್ಡು ಸರಿಗೈತೆ ಕಣವ್ವ" ಎಂದರು ಮಾವ, ಬಹಳ ಮೆಲ್ಲಗೆ. "ಇದು ಕೇಳಿಸ್ಕಳಾಕೆ ಕಾಯ್ತಾ ಕೂತೈತೆ. ಅವ್ನೇ ಮಾತಾಡ್ತಿಲ್ಲ."

"ಹೋಗಿ ಆ ಕಂಪ್ಯೂಟರ್ ನೋಡಣ ಬಾ ಮಾವ."

"ಬ್ಯಾಡ. ನೋಡಿದ್ರೆ ಗೊತ್ತಾಗ್ಬುಡ್ತದೆ."

ಊಟಕ್ಕೂ ಏಳಲಿಲ್ಲ. ನಾನು ಮೂರು ಸಲ ಬಂದು ಹೋದೆ. ನಾಲ್ಕನೆಯ ಸಲ ಬಾಗಿಲ ಹೊರಗೆ ನಿಂತು, ನನಗೇ ಗೊತ್ತಿಲ್ಲದೆ ಕೆಮ್ಮಿ ಒಳಗೆ ಹೋದೆ. ಗಡಿಯಾರ ಮೂರೂ ನಲವತ್ತು ತೋರಿಸುತ್ತಿತ್ತು. ಕುರ್ಚಿ ಎಳೆದುಕೊಳ್ಳುವಷ್ಟರಲ್ಲಿ ನಾಲ್ಕನೇ ದೀಪ ಪಟಪಟನೆ ಹೊಡೆದುಕೊಂಡಿತು. ಪರದೆಯ ಮೇಲೆ ಅಕ್ಷರಗಳು ಬಂದವು.

ಇಡ್ಲಿ ಆಗೈತೆ, ಬಾರ್ಲಾ.

ಕೆಳಗೆ ಟೈಮು: ಬೆಳಿಗ್ಗೆ ಹನ್ನೊಂದು. ತಾರೀಕು: ಜನವರಿ ಒಂದು. ವರ್ಷ ನೋಡಿ ಕಣ್ಣುಜ್ಜಿಕೊಂಡೆ. ಹದಿನೇಳು ವರ್ಷದ ಹಿಂದಿನದು, ನಾನು ಒಂಬತ್ತನೇ ಕ್ಲಾಸಿನಲ್ಲಿದ್ದ ವರ್ಷ!

ಮಾವ ಆ ತಾರೀಕನ್ನೇ ನೋಡುತ್ತ ಕೂತಿದ್ದರು. ಆಮೇಲೆ ಬೆರಳು ಮಡಿಸಿ ಎಣಿಸಿದರು. "ಅದರೊಳಗಿನ ಗಡಿಯಾರದ ಸೆಲ್ಲು ಸತ್ತೋಗೈತೆ ಕಣವ್ವ. ಕರೆಂಟ್ ಹೋದಾಗ ಎಲ್ಲಾ ಮರ್ತುಬುಟ್ಟೈತೆ. ಅದು ಹುಟ್ಟಿದ ವರ್ಸಕ್ಕೆ ವಾಪಸ್ ಹೋಗೈತೆ. ನಾಕೂ ನಲವತ್ತಕ್ಕೆ ಕರೆಂಟ್ ಬಂತಲ್ಲ, ಅದನ್ನೇ ರಾತ್ರಿ ಹನ್ನೆರಡು ಅಂತ ತಿಳ್ಕಂಡು ಅಲ್ಲಿಂದ ಹನ್ನೊಂದು ಗಂಟೆ ಎಣಿಸೈತೆ."

"ಸೆಲ್ಲು ಹಾಕಿ ಟೈಮ್ ಸರಿ ಮಾಡಣ ಮಾವ. ನಾಳೆನೇ ತರಿಸ್ತೀನಿ."

"ಬ್ಯಾಡ."

"ಯಾಕೆ ಮಾವ? ದಿನಾ ಮೂರೂ ನಲವತ್ತಕ್ಕೆ ಕರೀತದಲ್ಲ ಹಂಗಾದ್ರೆ!"

"ಕರೀಲಿ. ಯಾವಾಗ ಕರೆದ್ರೂ ಹೋಗೋದೇ ತಾನೇ?" ಮಾವ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿಕೊಂಡರು. "ನೋಡವ್ವ, ಆ ತಾರೀಕಲ್ಲಿ ಅವ್ನು ಬದುಕವ್ನೆ. ಆ ಗಡಿಯಾರದ ಪ್ರಕಾರ ಅವ್ನಿಗಿನ್ನೂ ಹದಿಮೂರು ವರ್ಸ ಐತೆ. ನಾವ್ಯಾಕವ್ವ ಸರಿ ಮಾಡಾಣ?"

ಮೇಲೆ ತಾತ ಹೂಂ, ಹೂಂ ಎನ್ನುತ್ತಿದ್ದ.

ಮಾವ ಕೀಬೋರ್ಡನ್ನು ಹತ್ತಿರ ಎಳೆದುಕೊಂಡರು. ನಾಲ್ಕು ವರ್ಷದಿಂದ ಆ ಕರೆಗೆ ಅವರು ಎದ್ದು ಹೋಗಿದ್ದರೇ ಹೊರತು ಒಮ್ಮೆಯೂ ಉತ್ತರ ಬರೆದಿರಲಿಲ್ಲ. ಕೊನೆಯದಾಗಿ ಬರೆದದ್ದು ಆಮೇಲೆ ಬತ್ತೀನಿ ಎಂದು. ಈಗ ಒಂದೇ ಬೆರಳಿನಲ್ಲಿ, ಒಂದೊಂದೇ ಅಕ್ಷರ ಹುಡುಕಿ ಒತ್ತಿದರು. ಬಂದೆ ಕಣ್ಲಾ, ಇರು. ನಾಲ್ಕನೇ ದೀಪ ಪಟಪಟ ಮಿಟುಕಿ, ನಿಧಾನವಾಗಿ, ಆ ಮಾತನ್ನು ಹೊಂಗೆಮರದ ಕಡೆ ತೆಗೆದುಕೊಂಡು ಹೋಯಿತು.

ಅವರು ಎದ್ದರು. ಬಾಗಿಲ ಹತ್ತಿರ ಹೋಗಿ ನನ್ನ ಕಡೆ ತಿರುಗಿದರು.

"ಏನವ್ವ ಕೂತ್ಕಂಡೆ? ಬಾ. ಇವತ್ತು ಒಂದೂವರೆ ನೀನು ತಿನ್ನೀವಂತೆ. ಅವ್ನಿಗೆ ಹೇಳಿವ್ನಿ."